ಹನ್ನೊಂದು ನಿಮಿಷದ ಸಾಹುಕಾರರು

ಅವರ ಶಿವಗಣಾರಾಧನೆಯ ದಿನ ಊಟಕ್ಕೆ ಮುಂಚೆ ನಾಲ್ಕು ಜನ ಮಾತಾಡಿದರು. ನಾಲ್ವರೂ ಹೇಳಿದ್ದು ಒಂದೇ ಮಾತು: "ನಲವತ್ತು ವರ್ಷ ಗಲ್ಲಾ ಬಿಟ್ಟು ಎದ್ದವರಲ್ಲ." ಒಬ್ಬರಂತೂ ಇದು ಮೂಡಿಗೆರೆಯ ವರ್ತಕರಿಗೆಲ್ಲ ಆದರ್ಶ ಎಂದರು. ಜನ ತಲೆಯಾಡಿಸಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಮೈಯೆಲ್ಲ ಉರಿಯಿತು. ಜೈಲಿನಲ್ಲಿದ್ದವನನ್ನು ಹಿಡಿದು, ಅಲೆದಾಡದ ಸದ್ಗೃಹಸ್ಥ ಎಂದು ಹೊಗಳಿದ ಹಾಗಿತ್ತು. "ಮೇಡಂ, ನೀವೂ ಎರಡು ಮಾತು ಹೇಳಿ" ಎಂದು ಅವರ ಅಣ್ಣನ ಮಗ ಕರೆದಾಗ ಗಂಟಲು ಕಟ್ಟಿದೆ ಎಂದು ಸುಳ್ಳು ಹೇಳಿ ಕೈಮುಗಿದೆ. ಎದ್ದಿದ್ದರೆ ಆರಾಧನೆಯ ಮನೆಯಲ್ಲಿ ಜಗಳವಾಗುತ್ತಿತ್ತು. ಆ ಎರಡು ಮಾತನ್ನು ಈಗ ಬರೆಯುತ್ತಿದ್ದೇನೆ. ಎರಡಕ್ಕೆ ನಿಲ್ಲುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಅವರ ಹೆಸರು ಇಲ್ಲಿ ಬೇಡ. ಊರು ಅವರನ್ನು ಸಾಹುಕಾರ್ರು ಎನ್ನುತ್ತಿತ್ತು, ಅವರ ತಂದೆಯನ್ನು ದೊಡ್ಡ ಸಾಹುಕಾರ್ರು ಎನ್ನುತ್ತಿತ್ತು. ಬಸ್ ಸ್ಟ್ಯಾಂಡಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಅವರದು ತೋಟದ ಸಾಮಾನಿನ ಅಂಗಡಿ. ಮೊಳೆ, ಹಗ್ಗ, ಕತ್ತಿ, ಗೋಣಿಚೀಲ, ಕಾಫಿ ಒಣಗಿಸುವ ತಾಡಪಾಲು, ಔಷಧಿ ಹೊಡೆಯುವ ಪಂಪು, ಕೊಳೆರೋಗಕ್ಕೆ ಸುಣ್ಣದ ಜೊತೆ ಕಲಸಿ ಹೊಡೆಯುವ ಮೈಲುತುತ್ತ. ಅದರ ಮಾಳಿಗೆಯಲ್ಲಿ ಇಪ್ಪತ್ತು ವರ್ಷ ನಾನು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದೆ. ಹನ್ನೆರಡು ಟೈಪ್‌ರೈಟರುಗಳು ದಿನವಿಡೀ ಅವರ ನೆತ್ತಿಯ ಮೇಲೆ ಕುಟ್ಟುತ್ತಿದ್ದವು. ಬಾಡಿಗೆಗೆ ಬಂದ ಮೊದಲ ತಿಂಗಳು, ಯಾವಾಗ ಬೈಸಿಕೊಳ್ಳುತ್ತೇನೋ ಎಂದು ಕಾಯುತ್ತಿದ್ದೆ. ಒಂದು ದಿನ ಮೆಟ್ಟಿಲು ಹತ್ತುವಾಗ ಕರೆದೇಬಿಟ್ಟರು.

"ಮೇಡಂ, ಕಿಟಕಿ ಹತ್ರದ ಸಾಲಲ್ಲಿ ಮೂರನೇ ಮಿಷನ್ನು ತಾಳ ತಪ್ತದೆ ನೋಡಿ. ಸಾಲು ಮುಗಿಯೋವಾಗ ಒಂದು ಪೆಟ್ಟು ಹಿಂದೆ ಬೀಳ್ತದೆ."

ಮೇಲೆ ಹೋಗಿ ನೋಡಿದರೆ ನಿಜ, ಆ ಮಿಷನ್ನಿನ ಪಟ್ಟಿ ಸಡಿಲವಾಗಿತ್ತು. ಅವರು ಒಮ್ಮೆಯೂ ಮಾಳಿಗೆ ಹತ್ತಿ ನೋಡಿದವರಲ್ಲ, ಹಲಗೆಯ ಅಟ್ಟದ ಕೆಳಗೆ ಕೂತು ಅಷ್ಟನ್ನು ತಿಳಿದಿದ್ದರು. ಅವತ್ತೇ ನನಗೆ ಈ ಮನುಷ್ಯ ತಪ್ಪು ಜಾಗದಲ್ಲಿ ಕೂತಿದ್ದಾರೆ ಅನಿಸಿತು.

ಕೂತದ್ದು ಹೇಗೆಂದರೆ, ಹತ್ತೊಂಬತ್ತರ ವಯಸ್ಸಿನಲ್ಲಿ ಚಿಕ್ಕಮಗಳೂರಿನಲ್ಲಿ ಓದುತ್ತಿದ್ದರು, ಕಾಲೇಜಿನ ಆರ್ಕೆಸ್ಟ್ರಾದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ಅಣ್ಣ ಮಲ್ಲಂದೂರಿನ ತೋಟ ನೋಡಿಕೊಳ್ಳಲು ಹೋದ ಮೇಲೆ ಅಂಗಡಿಗೆ ಜನ ಬೇಕಾಯಿತು. ಪರೀಕ್ಷೆ ಮುಗಿಸಿಕೊಂಡು ಬರುತ್ತೇನೆ ಎಂದು ಇವರು ಕಾಗದ ಬರೆದರಂತೆ. ದೊಡ್ಡ ಸಾಹುಕಾರ್ರು ಖುದ್ದಾಗಿ ಬಸ್ಸು ಹತ್ತಿ ಹೋಗಿ, "ನಿನ್ನ ಪರೀಕ್ಷೆ ಮುಗಿಯೋ ತನಕ ಗಿರಾಕಿ ಕಾಯ್ತಾನೇನೋ?" ಎಂದು ಕೇಳಿ ಅದೇ ಬಸ್ಸಿನಲ್ಲಿ ಕರೆದುಕೊಂಡು ಬಂದರು. ಹಾರ್ಮೋನಿಯಂ ಕಾಲೇಜಿನದು, ಅಲ್ಲೇ ಉಳಿಯಿತು.

ಆ ಮನೆಯ ರಿವಾಜು ಹೀಗಿತ್ತು. ಬೆಳಿಗ್ಗೆ ಗಲ್ಲಾಪೆಟ್ಟಿಗೆಗೆ ವಿಭೂತಿ ಎಳೆದು ದೀಪ ಹಚ್ಚಿದ ಮೇಲೆ, ಸಂಜೆ ಬೀಗ ಹಾಕುವವರೆಗೆ ಗಾದಿ ಖಾಲಿ ಇರಬಾರದು. ಗಾದಿಯ ಮೇಲೆ ಆ ಮನೆಯ ಗಂಡಸು ಮಾತ್ರ ಕೂರಬೇಕು. ಬೀಗ ಬಿದ್ದ ಮೇಲೆ ಲಕ್ಷ್ಮಿ ಮಲಗಿರುತ್ತಾಳೆ, ಬೆಳಗಾಗುವವರೆಗೆ ಬಾಗಿಲು ತೆಗೆಯಕೂಡದು. ವಾರದ ರಜೆ ಎಂಬುದಿಲ್ಲ. ಊಟದ ಡಬ್ಬಿ ಗಾದಿಗೇ ಬರುತ್ತಿತ್ತು. ಹೊರಗೆ ಹೋಗಲೇಬೇಕಾದರೆ ತಂದೆಗೆ ಹೇಳಿಕಳಿಸಿ, ಅವರು ಬಂದು ಕೂತ ಮೇಲೆ ಏಳಬೇಕು. ಎರಡು ನಿಮಿಷ ಮೀರಿದರೆ "ಎಲ್ಲಿ ಹೋದ್ಯೋ, ಗಿರಾಕಿ ನಿಂತಿದಾರೆ" ಎಂಬ ಕೂಗು ಬಸ್ ಸ್ಟ್ಯಾಂಡಿನವರೆಗೆ ಕೇಳುತ್ತಿತ್ತು. ನಾನು ತಮಾಷೆಗೆ, "ಸಾಹುಕಾರ್ರೇ, ನಿಮ್ಮನ್ನ ಗಾದಿಗೆ ಹೊಲಿದುಬಿಟ್ಟಿದಾರೆ" ಎನ್ನುತ್ತಿದ್ದೆ. ಅವರು ನಕ್ಕು, "ದಬ್ಬಣ ನಮ್ಮಂಗಡೀಲೇ ಸಿಗ್ತದಲ್ಲ ಮೇಡಂ" ಎನ್ನುತ್ತಿದ್ದರು.

ಕಾಲ ಬದಲಾಗಿ ನಾನೂ ಎರಡು ಕಂಪ್ಯೂಟರ್ ಕೊಂಡೆ. ಒಂದರಲ್ಲಿ ಸೌಂಡ್ ಕಾರ್ಡ್ ಇತ್ತು, ಅಂಗೈ ಅಗಲದ ಹಸಿರು ಹಲಗೆ. ಅದರ ಜೊತೆ ಮಿಡಿ ಎಂಬ, ಕಂಪ್ಯೂಟರೇ ನುಡಿಸುವ ಕೆಲವು ಹಾಡುಗಳು ಬಂದಿದ್ದವು. ಮಕ್ಕಳು ಅವನ್ನು ಹಾಕಿದ ಮಧ್ಯಾಹ್ನ ಕೆಳಗಿನಿಂದ ಕೂಗು ಬಂತು, "ಮೇಡಂ, ಮೇಲೆ ಯಾರು ಬಂದಿದಾರೆ? ಎಂತ ವಾದ್ಯ ಅದು?" ಬಂದು ನೋಡಿ ಎಂದೆ. ಅವರಿಗೆ ಬರಲಾಗಲಿಲ್ಲ. ಹದಿನಾಲ್ಕು ಮೆಟ್ಟಿಲು ಹತ್ತಿ ಆ ಯಂತ್ರ ನೋಡಲು ಅವರಿಗೆ ನಾಲ್ಕು ತಿಂಗಳು ಬೇಕಾಯಿತು. ಅಷ್ಟೂ ದಿನ ಅಟ್ಟದ ಹಲಗೆಯ ಮೂಲಕವೇ ಕೇಳಿಸಿಕೊಂಡು, ಯಾವ ಹಾಡಿನಲ್ಲಿ ಯಾವ ಸ್ವರ ಹಿಡಿಯುತ್ತದೆ, ಯಾವುದು ಬಿಡುತ್ತದೆ ಎಂದು ನನಗೇ ಹೇಳುತ್ತಿದ್ದರು. ಮುಂದೆ ಹೊಸ ಕಂಪ್ಯೂಟರ್ ತಂದಾಗ ಹಳೆಯದನ್ನು ಅವರಿಗೇ ಕೊಟ್ಟೆ. ಇಪ್ಪತ್ತು ವರ್ಷದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ ಎಂದುಕೊಂಡಿದ್ದೆ.

ಅದನ್ನು ಗಾದಿಯ ಬೆನ್ನಿಗೆ, ಗೋದಾಮಿನ ಬಾಗಿಲಲ್ಲಿ ಇಟ್ಟುಕೊಂಡರು. ಸ್ವಲ್ಪ ಓರೆಯಾಗಿ ಕೂತರೆ ಬಲಗೈಗೆ ಮೌಸು, ಎಡಗಣ್ಣಿಗೆ ರಸ್ತೆ. ಒಂದು ಕಿವಿಗೆ ಮಾತ್ರ ಹೆಡ್‌ಫೋನ್, ಇನ್ನೊಂದು ಗಿರಾಕಿಗೆ. ಅಂಗಡಿಯಲ್ಲಿ ಹಾರ್ಮೋನಿಯಂ ತೆರೆದಿದ್ದರೆ ಮನೆತನ ಮುಳುಗಿತು ಎಂದು ಊರು ಮಾತಾಡುತ್ತಿತ್ತು. ಮೌಸು ಹಿಡಿದವನನ್ನು ಯಾರೂ ಏನೂ ಕೇಳುವುದಿಲ್ಲ. ದೊಡ್ಡ ಸಾಹುಕಾರ್ರು ಬಂದವರಿಗೆಲ್ಲ "ನಮ್ಮೋನು ಕಂಪ್ಯೂಟರ್ ಕಲಿತಿದಾನೆ" ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಕಿವಿಗೆ ಎಂತ ಅದು ಎಂದು ಒಮ್ಮೆ ಕೇಳಿದಾಗ, "ಅದಿಲ್ದೆ ಮಿಷನ್ನು ನಡಿಯಲ್ಲಪ್ಪ" ಎಂದರಂತೆ ಮಗ. ನನಗೆ ತಿಳಿದಂತೆ ಅವರು ಅಪ್ಪನಿಗೆ ಹೇಳಿದ ಸುಳ್ಳು ಅದೊಂದೇ.

ಹಾಡು ಕಟ್ಟುವುದನ್ನು ಅವರು ತಾವೇ ಕಲಿತರು. ಪರದೆಯ ಮೇಲೆ ಗೆರೆಗಳು, ಗೆರೆಯ ಮೇಲೆ ಸಣ್ಣ ಸಣ್ಣ ಪಟ್ಟಿಗಳು, ಒಂದು ಪಟ್ಟಿ ಅಂದರೆ ಒಂದು ಸ್ವರ. ಇಷ್ಟು ಸಣ್ಣ ಫೈಲಿನೊಳಗೆ ಹಾಡು ಹೇಗೆ ಹಿಡಿಸುತ್ತದೆ ಎಂದು ಕಂಪ್ಯೂಟರ್ ಕಲಿಸುವ ನಾನು ಅವರನ್ನು ಕೇಳಿದೆ.

"ಇದರಲ್ಲಿ ಶಬ್ದವೇ ಇಲ್ಲ ಮೇಡಂ. ಯಾವ ಸ್ವರ, ಯಾವಾಗ, ಎಷ್ಟು ಜೋರು, ಯಾವ ವಾದ್ಯ ಅಂತ ಚೀಟಿ ಅಷ್ಟೆ. ಮದುವೆ ಮನೆ ಸಾಮಾನಿನ ಚೀಟಿ ಇದ್ದಂಗೆ. ಅಡಿಗೆ ಮಾಡೋದು ಈ ಕಾರ್ಡು. ಅಡಿಗೆ ಭಟ್ಟ ಬೇರೆ ಆದ್ರೆ ಅದೇ ಚೀಟೀಲಿ ಸಾರೇ ಬೇರೆ ಆಗ್ತದೆ."

ಅವರ ಅಡಿಗೆ ಭಟ್ಟ ಬಡವ. ಆ ಕಾರ್ಡಿನಲ್ಲಿ ಒಮ್ಮೆಗೆ ಹದಿನೆಂಟು ಸ್ವರ ಮಾತ್ರ ಹಿಡಿಸುತ್ತಿತ್ತು, ಹತ್ತೊಂಬತ್ತನೆಯದು ಬಂದರೆ ಹಳೆಯದೊಂದು ಜಾಗ ಬಿಡಬೇಕು. ಅದರ ಕೊಳಲು ಖಾಲಿ ಎಣ್ಣೆ ಡಬ್ಬಿಗೆ ಊದಿದ ಹಾಗೆ, ಸಿತಾರಿಗೆ ತಗಡಿನ ನಡುಕ. ಸಾಹುಕಾರ್ರು ಆ ಕುಂದುಗಳನ್ನೆಲ್ಲ ಲೆಕ್ಕಕ್ಕೆ ಹಿಡಿದೇ ಕಟ್ಟುತ್ತಿದ್ದರು. ಎಣ್ಣೆ ಡಬ್ಬಿಯ ಕೊಳಲನ್ನು ತೀರ ಕೆಳಗಿನ ಸ್ವರದಲ್ಲಿ ಇಟ್ಟಾಗ ಅದು ಅಳುವುದನ್ನು ಬಿಟ್ಟು ಗುನುಗಲು ಶುರುಮಾಡುತ್ತಿತ್ತು. ನಮ್ಮ ರಾಗದಲ್ಲಿ ಸ್ವರ ಬಳುಕಬೇಕು, ಯಂತ್ರಕ್ಕೆ ಬಳುಕು ಗೊತ್ತಿಲ್ಲ. ಅದನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಮೌಸಿನಿಂದ ಬಗ್ಗಿಸಬೇಕು. ಒಂದು ಗಾಂಧಾರವನ್ನು ಬಗ್ಗಿಸಲು ಅವರು ಇಡೀ ಒಂದು ಮಳೆಗಾಲ ತೆಗೆದುಕೊಂಡದ್ದನ್ನು ನಾನು ಕಂಡಿದ್ದೇನೆ. "ಬಂತಾ ಸಾಹುಕಾರ್ರೇ?" ಎಂದು ಕೇಳುತ್ತ ಮೆಟ್ಟಿಲು ಹತ್ತುತ್ತಿದ್ದೆ, "ಹತ್ರ ಬಂದದೆ" ಎನ್ನುತ್ತಿದ್ದರು. ದೀಪಾವಳಿಯ ಹೊತ್ತಿಗೆ ಬಂತು.

ಆ ಯಂತ್ರವನ್ನು ಉಳಿಸಿಕೊಂಡದ್ದೂ ಒಂದು ಸಾಹಸವೇ. ನಮ್ಮ ಮಳೆಯ ಥಂಡಿ, ಅದರ ಮೇಲೆ ಗೋದಾಮಿನ ಮೈಲುತುತ್ತದ ನೀಲಿ ಧೂಳು. ಕಾರ್ಡಿನ ಹಿತ್ತಾಳೆ ಬಣ್ಣದ ಹಲ್ಲುಗಳಿಗೆ ಹಸಿರು ಕಿಲುಬು ಹಿಡಿದು ಒಂದೊಂದೇ ವಾದ್ಯ ಮೂಕವಾಗುತ್ತಿತ್ತು. ಪ್ರತಿ ಸೋಮವಾರ ಗಲ್ಲಾದ ಪೂಜೆಯಾದ ಮೇಲೆ ಅವರು ಕಂಪ್ಯೂಟರಿನ ಡಬ್ಬ ಬಿಚ್ಚಿ, ಕಾರ್ಡು ಕಿತ್ತು, ಶಾಲೆ ಮಕ್ಕಳ ರಬ್ಬರಿನಿಂದ ಹಲ್ಲು ತಿಕ್ಕಿ ಮತ್ತೆ ಕೂರಿಸುತ್ತಿದ್ದರು. ಮಳೆಗಾಲ ಪೂರ್ತಿ ಡಬ್ಬದ ಪಕ್ಕ ಒಂದು ಬಲ್ಬು ಉರಿಯುತ್ತಿತ್ತು. ಮೈಲುತುತ್ತದ ಚೀಲಗಳನ್ನು ಬೇರೆ ಕಡೆ ಇಡಿ ಎಂದರೆ, ಅಪ್ಪನ ಕಾಲದಿಂದ ಅದರ ಜಾಗ ಅದೇ ಎನ್ನುತ್ತಿದ್ದರು. ಈ ಮಾತು ಕೇಳಿ ನನಗೆ ಸಿಟ್ಟು ಬರುತ್ತಿತ್ತು. ಚೀಲಕ್ಕೂ ಜಾಗ ಬದಲಿಸುವ ಹಕ್ಕಿಲ್ಲದ ಅಂಗಡಿ ಅದು.

ಆರು ವರ್ಷದಲ್ಲಿ ಅವರು ಚಿಲ್ಲರೆ ಹಾಡುಗಳನ್ನು ಬಿಟ್ಟು ಕಟ್ಟಿದ್ದು ಒಂದೇ ಕೃತಿ. ಎಂಟು ಅಕ್ಷರಕ್ಕಿಂತ ಉದ್ದದ ಹೆಸರನ್ನು ಆ ಯಂತ್ರ ಒಪ್ಪುತ್ತಿರಲಿಲ್ಲ, ಅದಕ್ಕೆ ಇಂಗ್ಲಿಷ್ ಅಕ್ಷರದಲ್ಲಿ 'ದೊಡ್ಡದು' ಎಂದಷ್ಟೇ ಹೆಸರಿಟ್ಟಿದ್ದರು. ಅದು ಹನ್ನೊಂದು ನಿಮಿಷದ್ದು. ಆ ಹನ್ನೊಂದು ನಿಮಿಷವನ್ನು ಅವರು ಒಮ್ಮೆಯೂ ಪೂರ್ತಿ ಕೇಳಿರಲಿಲ್ಲ.

ಓದುವವರಿಗೆ ಇದು ಉತ್ಪ್ರೇಕ್ಷೆ ಅನಿಸಬಹುದು. ತೋಟದ ಸಾಮಾನಿನ ಅಂಗಡಿಯಲ್ಲಿ ಅರ್ಧ ದಿನ ಕೂತು ನೋಡಿದವರಿಗೆ ಅನಿಸುವುದಿಲ್ಲ. ಮೂರನೇ ನಿಮಿಷಕ್ಕೆ ಎರಡು ಕೆಜಿ ಮೊಳೆ, ಐದನೇ ನಿಮಿಷಕ್ಕೆ ಪಂಪಿನ ವಾಷರು, ಆಮೇಲೆ ಕರೆಂಟು ಹೋಗುವುದು, ಆಮೇಲೆ ದೊಡ್ಡ ಸಾಹುಕಾರ್ರ ಸವಾರಿ. ಒಂದು ಸಲಕ್ಕೆ ಅವರಿಗೆ ಸಿಗುತ್ತಿದ್ದುದು ಎರಡು ನಿಮಿಷ. ಕಟ್ಟಿದ್ದೂ ಎರಡೆರಡು ನಿಮಿಷ, ಕೇಳಿದ್ದೂ ಎರಡೆರಡು ನಿಮಿಷ, ಅದೂ ಒಂದೇ ಕಿವಿಯಲ್ಲಿ.

"ಒಂದೇ ಒಂದು ಸಲ ತಲೆಯಿಂದ ಕಾಲಿನ ತನಕ ಕೇಳ್ಬೇಕು ಮೇಡಂ. ಎಲ್ಲಿ ಕೂಡಿದೆ, ಎಲ್ಲಿ ಬಿಟ್ಟಿದೆ ಅಂತ ಗೊತ್ತಾಗ್ಬೇಕಲ್ಲ. ಗೊತ್ತಾದ್ರೆ ಸರಿ ಮಾಡೋದು ನಂಗೆ ಕಷ್ಟ ಅಲ್ಲ."

"ನಾನು ಕೂರ್ತೀನಿ ಗಾದಿ ಮೇಲೆ. ಹನ್ನೊಂದು ನಿಮಿಷ ತಾನೆ? ನೀವು ಒಳಗೆ ಕೂತು ಕೇಳಿ."

"ಆಗಲ್ಲ ಮೇಡಂ. ನೀವು ಬೇರೆ ಮನೆಯವ್ರು. ಅದರಲ್ಲೂ..." ಎಂದು ನಿಲ್ಲಿಸಿದರು. ಹೆಂಗಸು ಎಂಬ ಮಾತನ್ನು ನನ್ನೆದುರು ಆಡಲು ನಾಚಿಕೆ. ಎರಡು ವರ್ಷ ಕಾಡಿದೆ. ಪೀಡೆ ತಡೆಯಲಾರದೆ ಒಂದು ಶ್ರಾವಣದಲ್ಲಿ, ದೊಡ್ಡ ಸಾಹುಕಾರ್ರು ಮಲ್ಲಂದೂರಿಗೆ ಹೋದ ದಿನ, "ಬನ್ನಿ" ಎಂದರು. ಅವತ್ತು ಜೋರು ಮಳೆ, ರಸ್ತೆಯಲ್ಲಿ ನರಪಿಳ್ಳೆಯಿಲ್ಲ, ಕರೆಂಟು ಮಾತ್ರ ಹೇಗೋ ಉಳಿದಿತ್ತು. ಅವರು ಗಾದಿಯಿಂದ ಎದ್ದು, ಗಲ್ಲಾಪೆಟ್ಟಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ನನ್ನನ್ನು ಕೂರಿಸಿದರು. "ಯಾರು ಬಂದ್ರೂ ಕೂರಿಸಿ ಮೇಡಂ. ಹನ್ನೊಂದು ನಿಮಿಷ ಅಂತ ಹೇಳಿ." ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತರು. ಗೋಡೆ ಗಡಿಯಾರ ನನ್ನೆದುರಿಗಿತ್ತು.

ಮೊದಲ ಎರಡು ನಿಮಿಷ ನನಗೆ ಖುಷಿ, ಊರಿನ ಸಾಹುಕಾರ್ತಿಯಾದ ಹಾಗೆ. ನಾಲ್ಕನೇ ನಿಮಿಷಕ್ಕೆ ಒಬ್ಬ ಕೊಡೆ ಮಡಚಿ ಹಗ್ಗ ಕೇಳಿದ. ಸ್ವಲ್ಪ ಹೊತ್ತು ಎಂದೆ. ಅವನು ನನ್ನ ಮುಖ, ಗಾದಿ, ಮತ್ತೆ ನನ್ನ ಮುಖ ನೋಡಿ, ಕೊಡೆ ಬಿಚ್ಚಿ ಎದುರಿನ ಅಂಗಡಿಗೆ ನಡೆದ. ಅವನು ಅಲ್ಲಿ ಹಗ್ಗ ಅಳೆಸುವುದು ನನಗೆ ಕಾಣುತ್ತಿತ್ತು. ಇವನ ಹಿಂದೆಯೇ ಇಡೀ ಊರು ಎದುರಿನ ಅಂಗಡಿಗೆ ಹೋಗಿಬಿಡುತ್ತದೆ ಅನಿಸಿತು. ಏಳನೇ ನಿಮಿಷಕ್ಕೆ ಬಾಳೂರು ಕಡೆಯ ಎಸ್ಟೇಟೊಂದರ ಲೆಕ್ಕ ಬರೆಯುವ ರೈಟರ್ ಒಬ್ಬರು ಜೀಪಿನಿಂದ ಇಳಿದು ನಾಲ್ಕು ಚೀಲ ಮೈಲುತುತ್ತ ಕೇಳಿದರು. ಹಳೆಯ ಗಿರಾಕಿ. ಸಾಹುಕಾರ್ರು ಒಳಗಿದ್ದಾರೆ, ನಾಲ್ಕು ನಿಮಿಷ ಕೂರಿ ಎಂದೆ.

"ನಿಧಾನಕ್ಕಾಗ್ಲಿ ಮೇಡಂ. ಈ ಮಳೆ ಹೊಳವಾಗೋ ತನಕ ಔಷಧಿ ಹೊಡೆಯೋಕೆ ಆಗ್ತದಾ? ಎಂತ ಅರ್ಜೆಂಟೂ ಇಲ್ಲ" ಎಂದು ಅವರು ಬೆಂಚಿನ ಮೇಲೆ ಕೂತು ಬೀಡಿ ತೆಗೆದರು.

ಅರ್ಜೆಂಟಿಲ್ಲ ಎಂದು ಗಿರಾಕಿಯೇ ಹೇಳಿದ ಮೇಲೆ ನಾನು ಸುಮ್ಮನಿರಬೇಕಿತ್ತು. ಅವರು ಬೀಡಿ ಹಚ್ಚಿ ಎದುರಿನ ಅಂಗಡಿಯ ಕಡೆ ಒಮ್ಮೆ ನೋಡಿದರು, ಅಷ್ಟೇ. ನನ್ನ ಬಾಯಿಂದ "ಸಾಹುಕಾರ್ರೇ, ಗಿರಾಕಿ ನಿಂತಿದಾರೆ" ಎಂದು ಬಂದುಹೋಯಿತು. ಮನುಷ್ಯ ಆರಾಮವಾಗಿ ಕೂತಿದ್ದರು, ನಾನು ನಿಂತಿದ್ದಾರೆ ಎಂದು ಕೂಗಿದ್ದೆ. ನನ್ನ ಕೂಗು ಮುಗಿಯುವ ಮೊದಲೇ ಒಳಗೆ ಸ್ಟೂಲು ಸರಿದ ಸದ್ದಾಯಿತು. ಹೆಡ್‌ಫೋನ್ ಕುತ್ತಿಗೆಗೆ ಇಳಿಸಿಕೊಂಡು ಸಾಹುಕಾರ್ರು ಬಂದರು, ನಾಲ್ಕು ಚೀಲ ಎತ್ತಿ ಜೀಪಿಗೆ ಹಾಕಿದರು. ಜೀಪು ಹೋದ ಮೇಲೆ ನಾನು ಗಾದಿಯಿಂದ ಎದ್ದೆ. ಮತ್ತೆ ಮೊದಲಿಂದ ಹಾಕಿ, ನಾನು ಕೂರುತ್ತೇನೆ ಎಂದು ಬೇಡಿಕೊಂಡೆ.

"ಪರ್ವಾಗಿಲ್ಲ ಬಿಡಿ ಮೇಡಂ. ಏಳು ನಿಮಿಷ ಆಯ್ತಲ್ಲ, ಅರ್ಧಕ್ಕಿಂತ ಜಾಸ್ತಿ" ಎಂದು ಅವರೇ ನನಗೆ ಸಮಾಧಾನ ಹೇಳಿದರು.

ಇನ್ನೊಂದು ಸಲಕ್ಕೆ ಅವಕಾಶವಾಗಲಿಲ್ಲ. ಹಗ್ಗದವನು ಊರೆಲ್ಲ ಹೇಳಿಕೊಂಡು ಬಂದಿದ್ದ. ಮಾರನೆಯ ದಿನ ದೊಡ್ಡ ಸಾಹುಕಾರ್ರು ಗಾದಿಯ ಬಟ್ಟೆ ಒಗೆಸಿ, ಗೋಮೂತ್ರ ಚಿಮುಕಿಸಿ, ನನ್ನ ಕಡೆ ನೋಡದೆ ಮಗನಿಗೆ ಹೇಳಿದರು, "ನಾನು ಬದುಕಿರೋ ತನಕ ಇದೊಂದು ನೋಡೋದು ಬಾಕಿ ಇತ್ತು." ಅವತ್ತಿನಿಂದ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ಕಾವಲು ಕೂತರು. ನಾನು ಮೆಟ್ಟಿಲು ಹತ್ತುವಾಗ ಸಾಹುಕಾರ್ರು ತಲೆ ತಗ್ಗಿಸುತ್ತಿದ್ದರು, ನಾನೂ ತಗ್ಗಿಸುತ್ತಿದ್ದೆ. ಹಿಂಗಾರಿನಲ್ಲಿ ಒಂದು ಸಂಜೆ ಸಿಡಿಲು ಕರೆಂಟಿನ ತಂತಿ ಹಿಡಿದು ಬಂದು ಬಲ್ಬು, ಡಬ್ಬ, ಕಾರ್ಡು ಎಲ್ಲವನ್ನೂ ಸುಟ್ಟಿತು. ಫೈಲು ಫ್ಲಾಪಿಯಲ್ಲಿ ಉಳಿದಿತ್ತು. ಫೈಲಿನಲ್ಲಿ ಶಬ್ದವಿಲ್ಲವಲ್ಲ.

ದೊಡ್ಡ ಸಾಹುಕಾರ್ರು ಕುರ್ಚಿಯಲ್ಲಿ ತೂಕಡಿಸುವ ಹೊತ್ತು ನೋಡಿ ನನ್ನ ಹೊಸ ಕಂಪ್ಯೂಟರಿನಲ್ಲಿ ಅದನ್ನು ನುಡಿಸಿ, ಹೆಡ್‌ಫೋನಿನ ಉದ್ದ ತಂತಿಯನ್ನು ಕಿಟಕಿಯಿಂದ ಇಳಿಬಿಟ್ಟು ಗಾದಿಗೆ ಮುಟ್ಟಿಸಿದೆ. ಅಷ್ಟು ಹುಚ್ಚು ಹಿಡಿದಿತ್ತು ನನಗೆ. ಹೊಸ ಯಂತ್ರದಲ್ಲಿ ಕೊಳಲು ನಿಜವಾದ ಕೊಳಲಿನಂತೆ, ಸಿತಾರು ನಿಜವಾದ ಸಿತಾರಿನಂತೆ ಕೇಳುತ್ತಿತ್ತು. ಮಳೆಗಾಲವಿಡೀ ಬಗ್ಗಿಸಿದ ಆ ಗಾಂಧಾರ ಮಾತ್ರ ಎಲ್ಲೋ ಜಾರಿಹೋಯಿತು. ಅರ್ಧ ನಿಮಿಷಕ್ಕೆ ಸಾಹುಕಾರ್ರು ಹೆಡ್‌ಫೋನ್ ತೆಗೆದರು. "ಇದು ನಂದಲ್ಲ ಮೇಡಂ. ನಂದಕ್ಕಿಂತ ಚೆನ್ನಾಗಿದೆ" ಎಂದರು.

ಆಮೇಲೆ ದೊಡ್ಡ ಸಾಹುಕಾರ್ರು ತೀರಿಹೋದರು. ಈಗ ಯಾರ ಹೆದರಿಕೆ, ಒಂದು ದಿನ ಬಾಗಿಲು ಹಾಕಿ ಎಲ್ಲಾದರೂ ಹೋಗಿ ಅಂಥದೇ ಕಾರ್ಡು ಹುಡುಕಿಕೊಂಡು ಬನ್ನಿ ಎಂದೆ. "ಹಾಕ್ಬಹುದು ಮೇಡಂ" ಎಂದರು, ಹಾಕಲಿಲ್ಲ. ಒಂದು ವರ್ಷ ಬಿಟ್ಟು ಮತ್ತೆ ಹೇಳಿದೆ. "ಹಾಕ್ಬಹುದು" ಎಂದರು. ಊರು ಬಿಟ್ಟು ಅವರು ಕೊನೆಯದಾಗಿ ಹೋದದ್ದು ಮದುವೆಯಾದ ವರ್ಷ, ಹೊರನಾಡಿಗೆ. ಅಪ್ಪ ಕೂತಿದ್ದ ಕುರ್ಚಿಯನ್ನು ಬಾಗಿಲಿನಿಂದ ತೆಗೆಸಿರಲಿಲ್ಲ. ಅದರಲ್ಲಿ ಯಾರೂ ಕೂರುತ್ತಿರಲಿಲ್ಲ, ಆದರೂ ಸಾಹುಕಾರ್ರು ಅದಕ್ಕೆ ಬೆನ್ನು ಹಾಕುತ್ತಿರಲಿಲ್ಲ. ನಾನು ಇನ್‌ಸ್ಟಿಟ್ಯೂಟ್ ಮುಚ್ಚಿ ಚಿಕ್ಕಮಗಳೂರಿಗೆ ಬಂದೆ. ಮೂಡಿಗೆರೆಯ ಬಸ್ಸಿನಲ್ಲಿ ಹೋದಾಗಲೆಲ್ಲ ಆ ಗಾದಿ, ಆ ಓರೆ ಕೂತ ಭಂಗಿ ಹಾಗೇ ಇರುತ್ತಿತ್ತು. ಬೆನ್ನ ಹಿಂದೆ ಸತ್ತ ಯಂತ್ರ, ಅದಕ್ಕೊಂದು ಗೋಣಿಚೀಲ ಹೊದಿಸಿತ್ತು.

ಸಕ್ಕರೆ ಕಾಯಿಲೆ ಬಂದು ಕಾಲು ಊದಿಕೊಂಡ ಮೇಲೆ ಅವರನ್ನು ಗಾದಿಯಿಂದ ಎಬ್ಬಿಸಬೇಕಾಯಿತು. ಅವರಿಗೆ ಮಕ್ಕಳಿರಲಿಲ್ಲ, ಅಣ್ಣನ ಮಗ ಬಂದು ಕೂತ. ಒಳ್ಳೆಯವನು, ಭಾನುವಾರ ಬಾಗಿಲು ಹಾಕುವಷ್ಟು ಧೈರ್ಯವಂತ. ಅದೇ ವರ್ಷ ಕಳಸದ ಗುಜರಿ ವ್ಯಾಪಾರಿಯೊಬ್ಬರ ಹತ್ತಿರ, ಗಣಿ ಮುಚ್ಚಿ ಖಾಲಿಯಾದ ಕುದುರೆಮುಖದ ಮನೆಗಳಿಂದ ಬಂದ ಹಳೆಯ ಕಂಪ್ಯೂಟರುಗಳಿವೆ ಎಂದು ಸಾಹುಕಾರ್ರಿಗೆ ಸುದ್ದಿ ಸಿಕ್ಕಿ ನನಗೆ ಫೋನು ಮಾಡಿದರು. ಕಾಲು ಸರಿಯಿಲ್ಲ, ನೀವು ಹೋಗಿಬರುತ್ತೀರಾ ಎಂದು. ಹೋಗದೆ ಇರುತ್ತೇನೆಯೇ? ಸಿಮೆಂಟ್ ಚೀಲದ ಕಾಗದದ ಮೇಲೆ ಅವರು ಕಾರ್ಡಿನ ಮೇಲಿನ ಚಿಪ್ಪಿನ ನಂಬರು ಬರೆದುಕೊಟ್ಟಿದ್ದರು. ಆ ಗುಜರಿಯ ಅಂಗಳದಲ್ಲಿ ಸೀರೆ ಎತ್ತಿ ಕಟ್ಟಿ ಕೂತು ಮೂರು ಚೀಲ ತಿರುವಿ ಹಾಕಿದೆ. "ಅಕ್ಕ, ಬಂಗಾರ ಎಂತಾದ್ರೂ ಬಿದ್ದಿತ್ತಾ?" ಎಂದು ವ್ಯಾಪಾರಿ ಕೇಳಿದ. ಎರಡು ಕಾರ್ಡು ಸಿಕ್ಕಿದವು, ಅದರಲ್ಲೊಂದು ಬದುಕಿತ್ತು. ಅದನ್ನು ಕೂರಿಸಲು ಒಂದು ಹಳೆಯ ಡಬ್ಬವನ್ನೂ ಅಲ್ಲಿಂದಲೇ ತಂದೆ.

ಅವರು ಅದನ್ನು ಒಂದು ವಾರ ತಿಕ್ಕಿ ತೊಳೆದರು. ಆಮೇಲಿನ ಭಾನುವಾರ ನನ್ನನ್ನು ಕರೆಸಿಕೊಂಡರು. ಮಧ್ಯಾಹ್ನದ ಹೊತ್ತು, ಅಂಗಡಿಯ ಮುಂಬಾಗಿಲು ಹಾಕಿತ್ತು, ಗೋದಾಮಿನಲ್ಲಿ ನಾವಿಬ್ಬರೇ. ಹೆಡ್‌ಫೋನ್ ಬೇಡ ಎಂದು ಸಣ್ಣ ಸ್ಪೀಕರುಗಳನ್ನು ಸಿಕ್ಕಿಸಿದ್ದರು. ಸ್ಟೂಲಿನ ಮೇಲೆ ಕೂತು, ಕೈ ಮುಗಿದು, ಗುಂಡಿ ಒತ್ತಿದರು.

ಎಣ್ಣೆ ಡಬ್ಬಿಯ ಕೊಳಲು ಗುನುಗಲು ಶುರುವಾಯಿತು. ನನಗೆ ಸಂಗೀತದ ಗಂಧ ಕಡಿಮೆ, ಆದರೂ ಕಣ್ಣು ತುಂಬಿತು. ಎರಡನೇ ನಿಮಿಷ ಮುಗಿಯುವಾಗ ಅವರ ಬೆನ್ನು ಒಮ್ಮೆ ನೆಟ್ಟಗಾಗಿ ಕತ್ತು ಮುಂಬಾಗಿಲ ಕಡೆ ತಿರುಗಿತು. ನಾಲ್ಕನೆಯದಕ್ಕೂ ತಿರುಗಿತು. ಆ ಗಾಂಧಾರ ಬಂದಾಗ ಮಾತ್ರ ಕಣ್ಣು ಮುಚ್ಚಿದರು. ಏಳು ದಾಟಿತು, ಎಂಟು ದಾಟಿತು. ಹನ್ನೊಂದು ಮುಗಿಯಿತು. ಅವರು ಮೌಸಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಕೂಡ್ಲಿಲ್ಲ ಮೇಡಂ" ಎಂದರು.

"ಎಂತ ಕೂಡ್ಲಿಲ್ಲ? ಎಷ್ಟು ಚೆನ್ನಾಗಿದೆ!"

"ತುಂಡು ತುಂಡು ಚೆನ್ನಾಗಿದಾವೆ. ಎರಡೆರಡು ನಿಮಿಷಕ್ಕೆ ಒಂದೊಂದು ಹಾಡು ಆಗಿದೆ, ಒಂದಕ್ಕೊಂದು ಗುರ್ತೇ ಇಲ್ಲ." ದನಿಯಲ್ಲಿ ಅಳುವಿರಲಿಲ್ಲ, ಹಗ್ಗ ಎಷ್ಟು ಮಾರು ಕಡಿಮೆ ಬಿತ್ತು ಎಂದು ಹೇಳುವಾಗಿನ ದನಿ. "ಅವತ್ತೇ ಪೂರ್ತಿ ಕೇಳಿದ್ದಿದ್ರೆ ಸರಿ ಮಾಡ್ಕೊಳ್ತಿದ್ದೆ. ಆಗ ಅದು ಎಲ್ಲಿಗೆ ಹೋಗ್ಬೇಕು ಅಂತ ನಂಗೆ ಗೊತ್ತಿತ್ತು. ಈಗ ಮರ್ತೋಗಿದೆ."

ನನಗೆ ತಡೆಯಲಾಗಲಿಲ್ಲ. ಅಷ್ಟು ವರ್ಷ ನುಂಗಿಕೊಂಡಿದ್ದನ್ನು ಹೇಳಿಬಿಟ್ಟೆ. "ತಪ್ಪು ನಂದು ಸಾಹುಕಾರ್ರೇ. ಅವತ್ತು ಆ ರೈಟರ್ ನಿಂತಿರ್ಲಿಲ್ಲ. ಅರ್ಜೆಂಟಿಲ್ಲ ಅಂತ ಬೆಂಚಿನ ಮೇಲೆ ಕೂತಿದ್ರು. ಹಗ್ಗದವ್ನು ಎದುರಂಗಡಿಗೆ ಹೋಗಿದ್ದು ನೋಡಿ ನಂಗೆ ಹೆದ್ರಿಕೆ ಆಯ್ತು. ಸುಮ್ನೆ ಕೂಗಿದೆ ನಿಮ್ಮನ್ನ."

ಅವರು ಸ್ಪೀಕರುಗಳ ಗುಂಡಿ ಆರಿಸಿದರು.

"ಗೊತ್ತು ಮೇಡಂ. ಅವ್ರು ಅರ್ಜೆಂಟಿಲ್ಲ ಅಂದಿದ್ದು ನಂಗೂ ಕೇಳಿಸ್ತು, ಅವತ್ತೂ ಒಂದು ಕಿವಿ ಹೊರಗೇ ಇಟ್ಟಿದ್ದೆ. ನೀವು ಕೂಗೋಕೆ ಮುಂಚೇನೇ ನಾನು ಎದ್ದಾಗಿತ್ತು."